ಮಿಷಿಗನ್ನಿನ ಕಪಾಟಿನಲ್ಲಿ ಬಚ್ಚಲೊಲೆಯ ಇದ್ದಿಲು

ನಾನು ನೆಲೆಸಿರುವ ಮಿಷಿಗನ್ ರಾಜ್ಯದ ಗ್ರಾಂಡ್ ರಾಪಿಡ್ಸ್ ನಗರದ ಔಷಧಿ ಅಂಗಡಿಗಳಲ್ಲಿ, ಟೂತ್‌ಪೇಸ್ಟುಗಳ ಸಾಲಿನ ತುದಿಗೆ ‘ನೈಸರ್ಗಿಕ’ ಎಂಬ ಫಲಕ ಹೊತ್ತ ಕಪಾಟೊಂದು ಇದ್ದೇ ಇರುತ್ತದೆ. ತೆಂಗಿನ ಚಿಪ್ಪಿನ ಇದ್ದಿಲಪುಡಿ, ಬೇವಿನ ಪೇಸ್ಟು, ಪುದೀನ ಬೆರೆಸಿದ ಕೊಬ್ಬರಿ ಎಣ್ಣೆಯ ಚಿಕ್ಕ ಪೊಟ್ಟಣಗಳು, ಜೇಡಿಮಣ್ಣಿನ ಹಲ್ಲುಪುಡಿ ಎಲ್ಲವೂ ಅಲ್ಲಿ ಅಂದವಾಗಿ ಜೋಡಿಸಿಟ್ಟಿರುತ್ತವೆ. ಪಾವಗಡದ ಕಡೆಯ ಹಳ್ಳಿಯಲ್ಲಿ ಬೆಳೆದವನಿಗೆ ಇವುಗಳಲ್ಲಿ ಹೊಸದೇನೂ ಇಲ್ಲ. ಹೊಸದೆಂದರೆ ಬೆಲೆ, ಮತ್ತು ಹಲ್ಲು ಬೆಳ್ಳಗಾಗುತ್ತದೆ, ಸವೆದ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಮತ್ತೆ ಬೆಳೆಯುತ್ತದೆ ಎಂದು ಡಬ್ಬಿಯ ಮೇಲೆ ಕೊಟ್ಟಿರುವ ಭರವಸೆ. ನಮ್ಮ ಮನೆಯ ಹಿರಿಯರು ಇವೆರಡರಲ್ಲಿ ಯಾವುದನ್ನೂ ಬಯಸಿ ಹಲ್ಲುಜ್ಜಿದವರಲ್ಲ, ಬಾಯಿ ಶುದ್ಧವಾದರೆ ಸಾಕೆಂದುಕೊಂಡವರು. ಎರಡೂ ಕಡೆಯ ರೀತಿಗಳನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಅನಿಸಿರುವುದೇನೆಂದರೆ, ಇಲ್ಲಿನವರು ನಮ್ಮಿಂದ ಎತ್ತಿಕೊಂಡಿರುವುದು ನಾವು ಎಂದೋ ಬಿಡಬೇಕಾಗಿದ್ದ ಇದ್ದಿಲನ್ನು. ನಮ್ಮಲ್ಲಿದ್ದ ಖರ್ಚಿಲ್ಲದ ಒಳ್ಳೆಯ ಅಭ್ಯಾಸಗಳತ್ತ ಅವರು ನೋಡಲೇ ಇಲ್ಲ, ಈಚೆಗೆ ನಾವೂ ನೋಡುತ್ತಿಲ್ಲ.

ಎನಾಮಲ್ ಎಂಬುದು ತೂಕದಲ್ಲಿ ಶೇಕಡ 96ರಷ್ಟು ಖನಿಜವೇ ಆಗಿರುವ, ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಪದರ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡಿನಿಂದ ಮೇಲೆ ಬರುವ ಹೊತ್ತಿಗೆ ಇಲ್ಲವಾಗಿರುತ್ತವೆ. ಆದ್ದರಿಂದ ಮುರಿದ ಮೂಳೆ ಕೂಡಿಕೊಳ್ಳುವಂತೆ ಸವೆದುಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಯಾವ ಬೇರು, ಯಾವ ಎಣ್ಣೆ, ಯಾವ ಪುಡಿಗೂ ಅದು ಸಾಧ್ಯವಿಲ್ಲ. ಸಾಧ್ಯವಿರುವುದು ಬೇರೆಯದೇ ಒಂದು ದುರಸ್ತಿ. ಆಮ್ಲದ ಅಳತೆಯಾದ ಪಿಎಚ್ (ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಬಾಯಿಯಲ್ಲಿ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ಲಿನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ, ಆಮ್ಲ ತಗ್ಗಿದ ಮೇಲೆ ಜೊಲ್ಲಿನಲ್ಲಿರುವ ಅದೇ ಖನಿಜಗಳು ಮೆಲ್ಲಗೆ ಒಳಸೇರುತ್ತವೆ. ಹುಳುಕು ಹಿಡಿಯುವ ಮೊದಲ ಹಂತದ ಸುಣ್ಣಬಣ್ಣದ ಮಚ್ಚೆ ಹೀಗೆ ಗಟ್ಟಿಯಾಗಬಲ್ಲದು, ಆದರೆ ಒಮ್ಮೆ ಗುಳಿ ಬಿದ್ದರೆ ಅದು ತುಂಬಿಕೊಳ್ಳುವುದಿಲ್ಲ. ಬಣ್ಣದ ವಿಷಯದಲ್ಲಿ ಜನ ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿಯಿದೆ. ಎನಾಮಲ್ ಅರೆಪಾರದರ್ಶಕ, ಅದರಡಿಯ ಡೆಂಟಿನ್ ಹಳದಿ. ಬೆಳ್ಳಗಾಗಲೆಂದು ಉಜ್ಜಿ ಉಜ್ಜಿ ಮೇಲಿನ ಪದರವನ್ನು ತೆಳುವಾಗಿಸಿದಷ್ಟೂ ಕೆಳಗಿನ ಹಳದಿಯೇ ಎದ್ದು ಕಾಣುತ್ತದೆ.

ಇದ್ದಿಲು ಮಾಡುವುದು ಈ ಉಜ್ಜುವ ಕೆಲಸವನ್ನೇ. ನಮ್ಮಜ್ಜ ಬಚ್ಚಲೊಲೆಯಿಂದ ತಣಿದ ಇದ್ದಿಲನ್ನು ಆರಿಸಿ, ಕಲ್ಲಿನ ಮೇಲಿಟ್ಟು ಹರಳುಪ್ಪಿನೊಂದಿಗೆ ಕುಟ್ಟಿ, ತೋರುಬೆರಳಿನಿಂದ ಅಡ್ಡಡ್ಡವಾಗಿ ಬಲವಾಗಿ ತಿಕ್ಕುತ್ತಿದ್ದರು. ಅವರ ಹಲ್ಲುಗಳು ಮುಪ್ಪಿನವರೆಗೂ ಉದುರಲಿಲ್ಲ ಎಂದು ಮನೆಯಲ್ಲಿ ಈಗಲೂ ಹೆಮ್ಮೆಪಡುತ್ತಾರೆ. ಆ ಹೆಮ್ಮೆಯಲ್ಲಿ ಯಾರೂ ಹೇಳದ ಮಾತೆಂದರೆ, ಎಡಗಡೆಯ ಕೋರೆಹಲ್ಲು ಮತ್ತು ಅದರ ಪಕ್ಕದ ಹಲ್ಲುಗಳ ಬುಡದಲ್ಲಿ, ವಸಡಿಗೆ ತಾಗಿದಂತೆ, ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳು ಬಿದ್ದಿದ್ದವು ಮತ್ತು ತಣ್ಣೀರು ಕುಡಿಯುವಾಗ ಅವರು ತಲೆಯನ್ನು ಬಲಕ್ಕೆ ವಾಲಿಸುತ್ತಿದ್ದರು. ಕರಾವಳಿಯವರ ಉಮಿಕರಿಯ ಕತೆಯೂ ಬೇರೆಯಲ್ಲ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಇರುವುದು ಸಿಲಿಕಾ, ಅದು ಎನಾಮಲ್ಲಿಗಿಂತ ಗಟ್ಟಿಯಾಗಿರಬಲ್ಲದು. ಕಂಪನಿಗಳ ಪೇಸ್ಟಿನಲ್ಲಿಯೂ ಸಿಲಿಕಾ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ನಿಜ, ಆದರೆ ಅದರ ಕಣಗಳ ಗಾತ್ರ ಅಳತೆಗೆ ಒಳಪಟ್ಟದ್ದು, ಪೇಸ್ಟು ಹಲ್ಲನ್ನು ಎಷ್ಟು ಸವೆಸಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಿತಿಯೊಂದಿದೆ. ಒಳಕಲ್ಲಿನಲ್ಲಿ ಕುಟ್ಟಿದ ಪುಡಿಗೆ ಅಂಥ ಮಿತಿ ಎಲ್ಲಿಂದ ಬರಬೇಕು? ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಮರ್ಶೆಯೂ ಇದ್ದಿಲಿನ ಪೇಸ್ಟು ಸುರಕ್ಷಿತವೆನ್ನಲು ಅಥವಾ ಪರಿಣಾಮಕಾರಿಯೆನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಹೇಳಿತು. ಆದರೂ ಕಪ್ಪು ನೊರೆಯ ಸೆಲ್ಫಿಗಳು ನಿಂತಿಲ್ಲ.

ನಿಂಬೆರಸ ಮತ್ತು ಅಡುಗೆ ಸೋಡಾ, ಹಿಸುಕಿದ ಸ್ಟ್ರಾಬೆರಿ ಮತ್ತು ಅಡುಗೆ ಸೋಡಾ, ಇವು ಇಲ್ಲಿನ ಇನ್ನೊಂದು ಗೀಳು. ಸೋಡಾ ಒಂದನ್ನೇ ತೆಗೆದುಕೊಂಡರೆ ತಕರಾರಿಲ್ಲ. ಅದು ಮೆದುವಾದದ್ದು, ಕ್ಷಾರಗುಣದ್ದು, ಕಾಫಿ ಮತ್ತು ಚಹಾದ ಮೇಲ್ಪದರದ ಕರೆಯನ್ನು ಹೆಚ್ಚು ಸವೆಸದೆ ತೆಗೆಯಬಲ್ಲದು. ಅದಕ್ಕೆ ನಿಂಬೆ ಹಿಂಡಿದೊಡನೆ ಎಲ್ಲವೂ ಹಾಳು. ನಿಂಬೆರಸದ ಪಿಎಚ್ 2ರ ಆಸುಪಾಸಿನಲ್ಲಿದೆ, ನೊರೆ ಉಕ್ಕುವುದನ್ನು ಕಂಡು ಕೊಳೆ ಹೋಗುತ್ತಿದೆಯೆಂದು ಭ್ರಮಿಸುವ ಹೊತ್ತಿನಲ್ಲಿ ಆಮ್ಲವು ಎನಾಮಲ್ಲಿನ ಮೈಯನ್ನು ಮೆದುವಾಗಿಸಿರುತ್ತದೆ, ಮೆದುವಾದ ಮೈಯ ಮೇಲೆಯೇ ಬ್ರಷ್ಷು ಓಡುತ್ತದೆ. ನಮ್ಮ ಊರಿನಲ್ಲಿ ನಿಂಬೆಹಣ್ಣಿನ ಸಿಪ್ಪೆಯಿಂದ ತಾಮ್ರದ ಚೊಂಬು ತಿಕ್ಕುತ್ತಿದ್ದರೇ ಹೊರತು ಹಲ್ಲನ್ನಲ್ಲ.

ಬೇವಿನ ಕಡ್ಡಿಯ ಬಗ್ಗೆ ನನ್ನ ತೀರ್ಪು ಮೆದು. ಬೇವಾಗಲಿ, ಹೊಂಗೆಯಾಗಲಿ, ಜಾಲಿಯಾಗಲಿ, ಎಳೆಯ ಕಡ್ಡಿಯ ತುದಿಯನ್ನು ಜಗಿದು ಕುಂಚ ಮಾಡಿಕೊಳ್ಳುವಷ್ಟರಲ್ಲಿಯೇ ಬಾಯಿತುಂಬ ಜೊಲ್ಲು ಬಂದಿರುತ್ತದೆ, ಮತ್ತು ಎನಾಮಲ್ಲಿನ ಮಟ್ಟಿಗೆ ಅದಕ್ಕಿಂತ ನೈಸರ್ಗಿಕವಾದ ವಸ್ತು ಇನ್ನೊಂದಿಲ್ಲ. ಅರಬ್ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯವರು ಬಳಸುವ ಮಿಸ್ವಾಕ್ ಕೂಡ ಇದೇ ಬಗೆಯದು. ಆದರೆ ಕಡ್ಡಿಯಿಂದ ಹಲ್ಲು ಬೆಳ್ಳಗಾಗುತ್ತದೆಯೆಂಬುದು ಅತಿಶಯೋಕ್ತಿ, ಒರಟಾಗಿ ಎಳೆದರೆ ವಸಡು ಹರಿಯುವುದೂ ಉಂಟು. ಎಣ್ಣೆ ಮುಕ್ಕಳಿಸುವುದು ಬಾಯಿಗೆ ಹಿತವಿರಬಹುದು, ಬಣ್ಣ ಬದಲಿಸುವುದಿಲ್ಲ. ನಮ್ಮಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಆರಂಭಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿಯನ್ನು ತರಿಸಿಕೊಳ್ಳುವ ಹೊರನಾಡ ಕನ್ನಡಿಗರನ್ನು ನಾನು ಬಲ್ಲೆ. ಆ ರುಚಿಯ ನೆನಪಿಗೆ ನನ್ನ ತಕರಾರೇನಿಲ್ಲ. ಉತ್ತರ ಕರ್ನಾಟಕದ ಗಡಿಭಾಗದಲ್ಲಿ ಹೆಂಗಸರು ಹಲ್ಲಿಗೆ ತಿಕ್ಕುತ್ತಿದ್ದ ಸುಟ್ಟ ತಂಬಾಕಿನ ಮಿಶ್ರಿ ಮಾತ್ರ ಕ್ಷಮೆಗೆ ಅರ್ಹವಲ್ಲ. ಹಲ್ಲಿನ ಪೇಸ್ಟು ಮತ್ತು ಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿತು. ಅದೂ ನೈಸರ್ಗಿಕವೇ ಆಗಿತ್ತು ಎಂಬುದನ್ನು ಇಲ್ಲಿನ ಗೆಳೆಯರಿಗೆ ನೆನಪಿಸುತ್ತಿರುತ್ತೇನೆ.

ಕಪಾಟಿನಲ್ಲಿ ಸಿಗದ ವಸ್ತು ನೀರು. ತಿಂದ ಮೇಲೆ, ಅದು ಊಟವಿರಲಿ, ಒಂದು ತುಂಡು ಬೆಲ್ಲವಿರಲಿ, ಎದ್ದು ಹೋಗಿ ಬಾಯಿ ಮುಕ್ಕಳಿಸದವನನ್ನು ನಮ್ಮ ಮನೆಗಳಲ್ಲಿ ಎಂಜಲು ಬಾಯಿಯವನೆಂದು ಗದರಿಸುತ್ತಿದ್ದರು. ಮಡಿಯ ಹೆಸರಿನಲ್ಲಿ ನಡೆದ ಈ ಕಟ್ಟಳೆ ಸಕ್ಕರೆಯನ್ನೂ ಹುಳಿಯನ್ನೂ ಕಾಫಿಯ ಬಣ್ಣವನ್ನೂ ಹಲ್ಲಿಗೆ ಅಂಟುವ ಮೊದಲೇ ಕೊಚ್ಚಿಹಾಕುತ್ತಿತ್ತು. ನನ್ನ ಕಚೇರಿಯ ಸಹೋದ್ಯೋಗಿಗಳು ಅರ್ಧ ಲೀಟರಿನ ಸಿಹಿ ಕಾಫಿಯನ್ನು ಬೆಳಿಗ್ಗೆ ಕಾರಿನಲ್ಲಿ ಆರಂಭಿಸಿ ಮಧ್ಯಾಹ್ನದವರೆಗೆ ಗುಟುಕು ಗುಟುಕಾಗಿ ಹೀರುತ್ತಾರೆ. ಸಿಹಿಯ ಪ್ರತಿ ಗುಟುಕಿಗೂ ಬಾಯಿ ಆಮ್ಲವಾಗುತ್ತದೆ, ಅದು ಮತ್ತೆ ಸರಿಹೋಗಲು ಅರ್ಧ ಗಂಟೆಯಾದರೂ ಬೇಕು, ಆ ಅರ್ಧ ಗಂಟೆ ಸಿಗುವ ಮೊದಲೇ ಮುಂದಿನ ಗುಟುಕು ಬಂದಿರುತ್ತದೆ. ಲೋಟದ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದು ಮುಗಿಸುವ ನಮ್ಮ ರೀತಿ ಎನಾಮಲ್ಲಿಗೆ ಎಷ್ಟೋ ಮೇಲು. ದುಃಖವೆಂದರೆ ಬೆಂಗಳೂರಿನ ಕಚೇರಿಗಳಲ್ಲಿಯೂ ಈಗ ಮುಚ್ಚಳದ ಲೋಟಗಳೇ ಕಾಣುತ್ತಿವೆ, ಊಟದ ಕೊನೆಗೆ ಕಾಗದದ ಕರವಸ್ತ್ರದಿಂದ ತುಟಿ ಒರೆಸಿಕೊಂಡರೆ ಮುಗಿಯಿತು. ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿಂದ ಕಲಿಯಬೇಕು: ಹುಳುಕು ತಡೆಯುವ ಫ್ಲೋರೈಡ್ ಇರುವ ಪೇಸ್ಟಿನಿಂದ ಉಜ್ಜಿದ ಮೇಲೆ ನಾವು ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಿ ಅದನ್ನೆಲ್ಲ ಹೊರಹಾಕುತ್ತೇವೆ, ಉಗಿದು ಸುಮ್ಮನಿರುವುದು ಲೇಸು.

ಫ್ಲೋರೈಡಿನ ಮಾತು ಬಂದರೆ ನನ್ನ ಹುಟ್ಟೂರು ಮತ್ತು ನಾನಿರುವ ಊರು ಎದುರುಬದುರಾಗಿ ನಿಲ್ಲುತ್ತವೆ. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿದ ಜಗತ್ತಿನ ಮೊದಲ ನಗರ ಗ್ರಾಂಡ್ ರಾಪಿಡ್ಸ್. ಇಲ್ಲಿ ಆ ಕೆಲಸ 1945ರ ಜನವರಿ 25ರಂದು ಆರಂಭವಾಯಿತು, ಆನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಹಲ್ಲು ಶೇಕಡ 60ಕ್ಕಿಂತ ಹೆಚ್ಚು ಕಡಿಮೆಯಾಯಿತು. ಈಗ ಅಮೆರಿಕದಲ್ಲಿ ಸೂಚಿಸಿರುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ಪಾವಗಡದಲ್ಲಿ ಯಾರೂ ಬೆರೆಸಬೇಕಾಗಿಲ್ಲ. ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 1.5 ಮಿಲಿಗ್ರಾಂ ಅನ್ನು ಮೀರಿದೆ. ಬಾಗೇಪಲ್ಲಿ, ಮುಂಡರಗಿಗಳ ಕಡೆಯೂ ಇದೇ ಪಾಡು. ನನ್ನ ಮುಂಬಲ್ಲುಗಳ ಮೇಲಿರುವ ಕಂದು ಪಟ್ಟೆಯನ್ನು ನೋಡಿ ಇಲ್ಲಿನ ದಂತವೈದ್ಯರೊಬ್ಬರು ಕಾಫಿ ಕಡಿಮೆ ಮಾಡಿ ಎಂದು ಸಲಹೆ ಕೊಟ್ಟರು. ಅದು ಕಾಫಿಯ ಕಲೆಯಲ್ಲ, ಎನಾಮಲ್ ರೂಪುಗೊಳ್ಳುವಾಗಲೇ ನೀರಿನ ಅತಿಯಾದ ಫ್ಲೋರೈಡಿನಿಂದ ಅದರೊಳಗೆ ಸೇರಿದ ಕಲೆ. ಇದ್ದಿಲು, ಸೋಡಾ, ಬೇವು ಎಲ್ಲವೂ ಹೊರಗಿನಿಂದ ತಿಕ್ಕುವ ವಸ್ತುಗಳಾದ್ದರಿಂದ ಅದನ್ನು ಮುಟ್ಟಲಾರವು. ಅದಕ್ಕೆ ದಂತವೈದ್ಯರ ಕೈಯಲ್ಲೇ ಆಗಬೇಕಾದ ಚಿಕಿತ್ಸೆಗಳಿವೆ.

ಈ ಹಿನ್ನೆಲೆಯವನಾದ್ದರಿಂದ ಫ್ಲೋರೈಡ್ ವಿರೋಧಿಗಳು ನನ್ನನ್ನು ತಮ್ಮವನೆಂದೇ ಎಣಿಸುತ್ತಾರೆ. ಯೂಟಾ ರಾಜ್ಯ 2025ರಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದನ್ನೇ ನಿಷೇಧಿಸಿದ ಮೇಲೆ ಅವರ ಉತ್ಸಾಹ ಹೆಚ್ಚಿದೆ. ಆದರೆ ದಿನವೂ ಹೊಟ್ಟೆಗೆ ಇಳಿಯುವ ಅತಿಯಾದ ಫ್ಲೋರೈಡ್ ಒಂದು, ಹಲ್ಲಿನ ಮೈಗೆ ತಾಗಿ ಉಗಿದುಹೋಗುವ ಬಟಾಣಿಯಷ್ಟು ಪೇಸ್ಟು ಇನ್ನೊಂದು. ಎರಡನೆಯದು ಮೇಲೆ ಹೇಳಿದ ಖನಿಜದ ದುರಸ್ತಿಯನ್ನು ಚುರುಕುಗೊಳಿಸುತ್ತದೆ. ಫ್ಲೋರೈಡ್ ಬೇಡವೇ ಬೇಡ ಎನ್ನುವವರಿಗೆ ಆ ಕಪಾಟಿನಲ್ಲಿ ನಾನು ತೋರಿಸಬಹುದಾದ ವಸ್ತು ಹೈಡ್ರಾಕ್ಸಿಅಪಟೈಟ್ ಒಂದೇ. ಎನಾಮಲ್ಲಿನ ಖನಿಜವೇ ಆದ ಇದನ್ನು ಜಪಾನಿನ ಸಾಂಗಿ ಕಂಪನಿ 1980ರಲ್ಲಿ ಪೇಸ್ಟಿಗೆ ಬಳಸಿತು, 1993ರಲ್ಲಿ ಅಲ್ಲಿನ ಸರ್ಕಾರ ಹುಳುಕು ತಡೆಯುವ ವಸ್ತುವೆಂದು ಮಾನ್ಯ ಮಾಡಿತು. ಅದು ಕಾರ್ಖಾನೆಯಲ್ಲಿ ತಯಾರಾಗುವುದೆಂಬುದು ನೈಸರ್ಗಿಕದ ಭಕ್ತರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಈಗ ನಾನು ಊರಿಗೆ ಹೋದಾಗಲೆಲ್ಲ ಪಾವಗಡದ ಪೋಷಕರು ಮಕ್ಕಳ ಹಲ್ಲು ಬೆಳ್ಳಗಾಗಲು ಏನು ಹಚ್ಚಬೇಕು ಎಂದು ಕೇಳುತ್ತಾರೆ. ಹಚ್ಚುವುದಕ್ಕಿಂತ ಕುಡಿಸುವುದರ ಕಡೆಗೆ ಮಾತು ತಿರುಗಿಸುತ್ತೇನೆ. ಕಾಯಂ ಹಲ್ಲುಗಳ ಎನಾಮಲ್ ಬಹುಮಟ್ಟಿಗೆ ಎಂಟು ವರ್ಷದೊಳಗೆ ರೂಪುಗೊಂಡು ಮುಗಿಯುತ್ತದೆ, ಕಲೆ ಸೇರುವುದು ಆ ಅವಧಿಯಲ್ಲಿಯೇ. ನಾಣ್ಯ ಹಾಕಿ ಇಪ್ಪತ್ತು ಲೀಟರ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ ಊರಿನಲ್ಲಿದ್ದರೆ, ಆ ನೀರು ಕುಡಿಯಲು ಮಾತ್ರವಲ್ಲ, ಮಗುವಿನ ಅನ್ನ ಮತ್ತು ಸಾರಿಗೂ ಬಳಕೆಯಾಗಬೇಕು; ಘಟಕ ಕೆಟ್ಟು ನಿಂತಾಗ ಅದನ್ನು ಒಂದೆರಡು ದಿನಗಳಲ್ಲಿ ದುರಸ್ತಿ ಮಾಡಿಸುವಂತೆ ಪಂಚಾಯಿತಿಯ ಬೆನ್ನು ಹತ್ತಬೇಕು.