ಮೂರನೇ ಗೋಲಿಗೆ ತಲೆ ಮೇಲೆ ಕೈ ಹೊತ್ತ ಅಭಿಮಾನಿ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಮನೆಯವಳ ಮೇಲೆ ರೇಗುತ್ತೇನೆ.

ಗೋವಾದ ವಾಸ್ಕೋದಲ್ಲಿ ನಡೆಯುವ ನಮ್ಮ ಶನಿವಾರದ ಫುಟ್‌ಬಾಲ್ ಬೈಠಕ್ ನಿಮಗೆಲ್ಲ ಗೊತ್ತೇ ಇದೆ. ನಿನ್ನೆ ಗೆಳೆಯನ ಮಗನೂ ಬಂದಿದ್ದ. ಮೈಮೇಲೆ ಮೆಚ್ಚಿನ ಇಂಗ್ಲಿಷ್ ಕ್ಲಬ್ಬಿನ ಜೆರ್ಸಿ. ಯಾವ ಕ್ಲಬ್ ಅಂತ ಹೇಳುವುದಿಲ್ಲ, ನೀವು ಕಮೆಂಟಿನಲ್ಲಿ ಜಗಳಕ್ಕೆ ಇಳಿಯುತ್ತೀರಿ. 2-1 ಇತ್ತು, ಇವನ ತಂಡವೇ ಮುಂದೆ. ಕೊನೆಗೆ ಇವನ ತಂಡದವರೇ ಇನ್ನೊಂದು ಹೊಡೆದರು. ಎಂಥಾ ಗೋಲು ಅಂತೀರಿ! ಎಲ್ಲರೂ ಎದ್ದು ಕೂಗಿದೆವು. ಇವನು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತ. "ಹೋತು ಕಾಕಾ" ಅಂದ.

"ಏನ್ ಹೋತಲೇ? ನಿನ್ನ ಟೀಮ್ ಗೆದ್ದೈತಲ್ಲ!"

ಹೋಗಿದ್ದು ಕಾಂಬೋ, ಅಂದರೆ ಎರಡು ಷರತ್ತು ಜೋಡಿಸಿ ಕಟ್ಟಿದ ಬಾಜಿ. ಮೊದಲ ಗೋಲು ಇಂಥವನೇ ಹೊಡೆಯಬೇಕು, ಪಂದ್ಯ ಸರಿಯಾಗಿ 2-1ಕ್ಕೇ ಮುಗಿಯಬೇಕು, ಎರಡೂ ಕೂಡಿ ಬಂದರೆ ದುಡ್ಡು. ಸ್ಕೋರ್‌ಕಾಸ್ಟ್ ಅಂತಾರೆ ಇದಕ್ಕೆ. ಇದರ ತಮ್ಮ ವಿನ್‌ಕಾಸ್ಟ್. ಅದರಲ್ಲಿ ನೀವು ಹೇಳಿದವನು ಯಾವಾಗಲಾದರೂ ಒಂದು ಗೋಲು ಹೊಡೆಯಬೇಕು, ಅವನ ತಂಡ ಗೆಲ್ಲಬೇಕು. ಮೊದಲನೆಯದಕ್ಕೆ ರೇಟು ಜಾಸ್ತಿ, ಆಸೆಯೂ ಜಾಸ್ತಿ.

ಅಂದರೆ ತನ್ನ ತಂಡ ಗೋಲು ಹೊಡೆಯದಿರಲಿ ಅಂತ ಈ ಹುಡುಗ ದೇವರಿಗೆ ಬೇಡಿಕೊಳ್ಳುತ್ತಾ ಕೂತಿದ್ದ. ಅದೂ ಅದೇ ತಂಡದ ಜೆರ್ಸಿ ಹಾಕಿಕೊಂಡು! ದುಡ್ಡು ಹೋದರೆ ನಾಳೆ ದುಡಿಯಬಹುದು. ನನಗೆ ಸಿಟ್ಟು ಬಂದಿದ್ದು ಆ ಮುಖ ನೋಡಿ.

"ಕಾಕಾ, ಇದು ಲಕ್ ಅಲ್ಲ, ಆಟದ ನಾಲೆಜ್" ಅಂತ ಬೇರೆ ಹೇಳಿದ. ಸರಿ, ನಾಲೆಜ್ ನೋಡೋಣ. ಮೊದಲ ಗೋಲಿಗೆ ರೇಟು 5 (ಒಂದು ರೂಪಾಯಿ ಹಾಕಿದರೆ ಐದು), 2-1ಕ್ಕೆ ರೇಟು 8 ಅಂತಿಟ್ಟುಕೊಳ್ಳಿ. ಗುಣಿಸಿದರೆ 40. ಬುಕ್ಕಿ 40 ಕೊಡುತ್ತಾನಾ? ಕೊಡುವುದಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಕೊಡುತ್ತಾನೆ. ಯಾಕೆಂದರೆ ನಿಮ್ಮ ಸ್ಟ್ರೈಕರ್ ಮೊದಲು ಹೊಡೆದನೆಂದರೆ ನಿಮ್ಮ ತಂಡ 2-1ಕ್ಕೆ ಗೆಲ್ಲುವ ಸಾಧ್ಯತೆ ಅಲ್ಲೇ ಏರಿತು. ಒಂದು ಇನ್ನೊಂದನ್ನು ಎಳೆದುಕೊಂಡೇ ಬರುತ್ತದೆ. ಇದು ಬುಕ್ಕಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಇಂಥ ಜೋಡಿಗೆ ಅವನದೇ ಬೇರೆ ಪಟ್ಟಿ ಇರುತ್ತದೆ. ಇಲ್ಲಿಯವರೆಗೆ ನ್ಯಾಯವೇ. ಆದರೆ ಆ ಪಟ್ಟಿಯೊಳಗೆ ತನ್ನ ಪಾಲು ಎಷ್ಟು ತುಂಬಿಕೊಂಡಿದ್ದಾನೆ ಅಂತ ನಿಮಗೆ ಕಾಣುವುದಿಲ್ಲ. ಮೀನು ಮಾರ್ಕೆಟ್ಟಿನಲ್ಲಿ ಪಾಲು ಹಾಕಿಟ್ಟ ಬಂಗುಡೆ ಇದ್ದ ಹಾಗೆ: ಮೇಲಿನವು ಮಿರಮಿರ ಮಿಂಚುತ್ತವೆ, ಕೆಳಗಿನವನ್ನು ಮನೆಗೆ ಹೋದಮೇಲೇ ನೋಡಬೇಕು.

ಒಂದಕ್ಕೊಂದು ಸಂಬಂಧವೇ ಇಲ್ಲದ ಪಂದ್ಯಗಳನ್ನು ಒಂದೇ ಚೀಟಿಯಲ್ಲಿ ಪೋಣಿಸಿದರೆ ಬಚಾವಾ? ನಾಣ್ಯ ಚಿಮ್ಮುವ ಲೆಕ್ಕವನ್ನೇ ತಗೊಳ್ಳಿ. ನ್ಯಾಯವಾಗಿ ನೂರಕ್ಕೆ ಇನ್ನೂರು ಬರಬೇಕು, ಬುಕ್ಕಿ 190 ಕೊಡುತ್ತಾನೆ. ಎರಡು ಪೋಣಿಸಿದರೆ 400 ಬರಬೇಕಾದಲ್ಲಿ 361. ನಾಲ್ಕು ಪೋಣಿಸಿದರೆ 1600ರ ಜಾಗದಲ್ಲಿ ಸುಮಾರು 1303. ಒಂದೊಂದು ಕೊಂಡಿಗೂ ಅವನ ಕಮಿಷನ್ ಬೆಳೆಯುತ್ತಾ ಹೋಗುತ್ತದೆ. ನಮ್ಮ ನಾಲೆಜ್ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನು ಷರತ್ತುಗಳು. ಅವನ್ನು ಓದುವವರು ಯಾರು? 2022ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. 23ನೇ ನಿಮಿಷಕ್ಕೆ ಮೊದಲ ಗೋಲು ಮೆಸ್ಸಿಯದು. ಕಪ್ ಎತ್ತಿದ್ದು ಅರ್ಜೆಂಟೀನಾ. "ಮೊದಲು ಮೆಸ್ಸಿ, ಗೆಲುವು ಅರ್ಜೆಂಟೀನಾಕ್ಕೆ" ಅಂತ ಚೀಟಿ ಬರೆಸಿದವನಿಗೆ ಏನು ಸಿಕ್ಕಿತು? ಸಾಮಾನ್ಯ ನಿಯಮದ ಪ್ರಕಾರ ಸೊನ್ನೆ. ಬಾಜಿಗೆ ಲೆಕ್ಕ 90 ನಿಮಿಷ ಮತ್ತು ಇಂಜುರಿ ಟೈಮ್ ಅಷ್ಟೇ. ಅಷ್ಟು ಹೊತ್ತಿಗೆ ಫ್ರಾನ್ಸಿನ ಎಂಬಾಪೆ ಎರಡು ನಿಮಿಷದೊಳಗೆ ಎರಡು ಹೊಡೆದು 2-2 ಮಾಡಿಟ್ಟಿದ್ದ. ಇಡೀ ಜಗತ್ತು ಮೆಸ್ಸಿ ಗೆದ್ದ ಅಂತ ಕುಣಿಯುವಾಗ ಈ ಒಬ್ಬ ಮೂಲೆಯಲ್ಲಿ ಕೂತು ಪಂದ್ಯ ಡ್ರಾ ಅಂತ ಅಳಬೇಕು. 2018ರ ಫೈನಲ್ ಇನ್ನೂ ತಮಾಷೆ. ಮೊದಲ ಗೋಲು ಕ್ರೊಯೇಷಿಯಾದ ಮಾಂಜುಕಿಚ್ ತನ್ನದೇ ಬಲೆಗೆ ಹೊಡೆದ ಸೆಲ್ಫ್ ಗೋಲ್. ಬಾಜಿಯ ಪುಸ್ತಕದಲ್ಲಿ ಸೆಲ್ಫ್ ಗೋಲ್ ಲೆಕ್ಕಕ್ಕಿಲ್ಲ, ಹಾಗಾಗಿ ಅಲ್ಲಿ ಮೊದಲು ಹೊಡೆದವನು ಪೆರಿಸಿಚ್. ನಾವು ಕಣ್ಣಾರೆ ನೋಡಿದ ಪಂದ್ಯವೇ ಬೇರೆ, ಚೀಟಿಯ ಪಂದ್ಯವೇ ಬೇರೆ.

ಸೆಲ್ಫ್ ಗೋಲ್ ಅಂದಾಗ ನಮಗೆ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂ ನೆನಪಾಗದೆ ಇರುತ್ತದಾ? 2015ರ ಡಿಸೆಂಬರ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. 87ನೇ ನಿಮಿಷಕ್ಕೆ ಜೋಫ್ರೆಯ ಫ್ರೀಕಿಕ್, ಗೋವಾ 2-1. ಕಪ್ ನಮ್ಮದೇ ಅಂದುಕೊಂಡೆವು. 90ರಲ್ಲಿ ನಮ್ಮ ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಹೆಸರಿಗೆ ಸೆಲ್ಫ್ ಗೋಲ್. ಎದೆ ಒಡೆದ ಸದ್ದು ಇನ್ನೂ ಮುಗಿದಿರಲಿಲ್ಲ, ಮೆಂಡೋಜಾ ಹೊಡೆದು ಚೆನ್ನೈಯಿನ್ 3-2. ಆ ರಾತ್ರಿ ಮಡಗಾಂವ್‌ನಿಂದ ವಾಸ್ಕೋವರೆಗೆ ಕೊಂಕಣಿಯವರು, ಕನ್ನಡದವರು, ಎಲ್ಲರ ಮುಖವೂ ಒಂದೇ ಥರ ಇತ್ತು. ಪಕ್ಕದಲ್ಲಿ ಕೂತವನು ಮೆಂಡೋಜಾ ಮೇಲೆ ಕಾಂಬೋ ಹಾಕಿ ಒಳಗೊಳಗೇ ನಗುತ್ತಿದ್ದರೆ? ಯೋಚಿಸಿದರೇ ಮೈ ಉರಿಯುತ್ತದೆ.

ಅದೇ ಕಟ್ಟಿಮನಿ, ಅದೇ ಫತೋರ್ಡಾ, 2022ರ ಐಎಸ್‌ಎಲ್ ಫೈನಲ್. ಈ ಸಲ ಹೈದರಾಬಾದ್ ಜೆರ್ಸಿ. ಕೇರಳ ಬ್ಲಾಸ್ಟರ್ಸ್ ವಿರುದ್ಧ 1-1, ಆಮೇಲೆ ಪೆನಾಲ್ಟಿ ಶೂಟೌಟಿನಲ್ಲಿ ಮೂರು ಹೊಡೆತ ತಡೆದು ಕಪ್ ಗೆಲ್ಲಿಸಿಕೊಟ್ಟ. ಫುಟ್‌ಬಾಲ್ ಅಂದರೆ ಇದಪ್ಪ! ಆರು ವರ್ಷಕ್ಕೂ ಹೆಚ್ಚು ಕಾಯಿಸಿ ಒಬ್ಬನ ಋಣ ತೀರಿಸುತ್ತದೆ. ಚೀಟಿಯಲ್ಲಿ ಇದಕ್ಕೆ ಬರೆಯಲು ಜಾಗ ಎಲ್ಲಿದೆ? ಗೋಲು ತಡೆದವನಿಗೆ ಅಲ್ಲಿ ಕಾಲಮ್ಮೇ ಇಲ್ಲ. "ಹೈದರಾಬಾದ್ ಗೆಲುವು" ಅಂತ ಬರೆಸಿದ್ದರೆ ಅದೂ ರದ್ದಿ, 90 ನಿಮಿಷಕ್ಕೆ 1-1 ಅಲ್ವಾ.

ಈಗ ಕೆಲವರು ಬರುತ್ತೀರಿ. "ನೂರು ರೂಪಾಯಿ ಮಜಾಕ್ಕೆ ಹಾಕಿದರೆ ನಿಮ್ಮ ಗಂಟೇನು ಹೋಯ್ತು? ನೀರಸ ಪಂದ್ಯವೂ ರಂಗೇರುತ್ತದೆ." ನೀರಸ ಪಂದ್ಯ ರಂಗೇರುವುದು ನಿಜ. ರಂಗೇರುವುದು ಚೀಟಿ, ಪಂದ್ಯ ಹಾಗೇ ನೀರಸವಾಗಿರುತ್ತದೆ. ನೀರಸ ಅನ್ನಿಸಿದರೆ ಎದ್ದು ಹೋಗಿ ಮಲಗಿ, ಯಾರು ಬೇಡ ಅಂದರು?

ಇನ್ನೊಬ್ಬರ ಮಾತೂ ಗೊತ್ತು. "ಗೋವಾದಲ್ಲಿ ಕೂತು ಜೂಜಿನ ಬಗ್ಗೆ ಉಪದೇಶವಾ? ಪಣಜಿಯಲ್ಲಿ ಮಾಂಡವಿ ನದಿ ತುಂಬ ಕ್ಯಾಸಿನೋ ಹಡಗು." ಇವೆಯಪ್ಪಾ. ಆದರೆ ರೂಲೆಟ್ ಚಕ್ರಕ್ಕೆ ಅಭಿಮಾನಿಗಳಿಲ್ಲ. ಮಟ್ಕಾ ನಂಬರಿನ ಜೆರ್ಸಿ ಹಾಕಿಕೊಂಡು ಯಾರೂ ತಿರುಗುವುದಿಲ್ಲ. ಅಲ್ಲಿ ಸೋತವನು ದುಡ್ಡು ಸೋಲುತ್ತಾನೆ, ಅಷ್ಟೇ. ಇಲ್ಲಿ ಸ್ವಂತ ತಂಡದ ಗೋಲಿಗೆ ಸಂಕಟಪಡುವುದನ್ನು ಕಲಿಯುತ್ತಾನೆ. ನನ್ನ ತಕರಾರು ಅದೊಂದೇ, ಸುಮ್ನೆ ಜೂಜು-ಪಾಪ ಅಂತ ಎಳೆಯಬೇಡಿ.

ಕಾನೂನು? 2025ರ ಆಗಸ್ಟ್‌ನಲ್ಲಿ ಕೇಂದ್ರದ ಹೊಸ ಕಾಯ್ದೆ ಬಂದು ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧವಾಯಿತು. ಹುಡುಗನಿಗೆ ಅದೂ ಗೊತ್ತು. "ಗ್ರೂಪ್‌ನ್ಯಾಗ ಬಾಜಿ ಹಿಡಿಯಾವ ಒಬ್ಬಾವ ಅದಾನ ಕಾಕಾ" ಅಂತಾನೆ. ಅಂದರೆ ಗೆದ್ದರೂ ದುಡ್ಡು ಕೊಡದಿದ್ದರೆ ಯಾರ ಮುಂದೆ ಹೇಳಿಕೊಳ್ಳುತ್ತೀಯೋ?

ಆಟಗಾರರ ಕಥೆಯೂ ಅಷ್ಟೇ. ಆಗ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬಿನಲ್ಲಿದ್ದ ಐವನ್ ಟೋನಿಗೆ 2023ರಲ್ಲಿ 8 ತಿಂಗಳ ನಿಷೇಧ ಬಿತ್ತು, ಬೆಟ್ಟಿಂಗ್ ನಿಯಮ ಮುರಿದ 232 ಪ್ರಕರಣಗಳಿಗೆ. ಅದರಲ್ಲಿ ಬ್ರೆಂಟ್‌ಫರ್ಡ್‌ಗೆ ಬರುವ ಮೊದಲು, ಆಗಿನ ತನ್ನ ಕ್ಲಬ್ಬೇ ಸೋಲುತ್ತದೆ ಅಂತ ಹಾಕಿದ ಬಾಜಿಗಳೂ ಇದ್ದವು. ಅವು ತಾನು ತಂಡದಲ್ಲಿ ಇಲ್ಲದ ಪಂದ್ಯಗಳು, ನಿಜ. ಆದರೂ ಸಂಬಳ ಕೊಡುವ ಕ್ಲಬ್ ಸೋಲಲಿ ಅಂತ ಕೂತು ನೋಡಿದನಲ್ಲ.

ಹೇಳಬಾರದು, ಆದರೂ ಹೇಳುತ್ತೇನೆ. ಗೆಳೆಯನ ಮಗನ ಕಾಂಬೋ ಹೋದಾಗ ನನಗೆ ಖುಷಿಯಾಯಿತು. ತೊಟ್ಟಿಲಲ್ಲಿದ್ದಾಗಿಂದ ಅವನನ್ನು ಎತ್ತಿ ಆಡಿಸಿದವನು ನಾನು. ಆದರೂ ಖುಷಿಯಾಯಿತು, ಇನ್ನೊಂದು ಗೋಲು ಬೀಳಲಿ ಅಂತಲೂ ಅನ್ನಿಸಿತು. ಅವರಪ್ಪ ಈ ಪೋಸ್ಟ್ ಓದುತ್ತಾನೆ. ಓದಲಿ.

ಮುಂದಿನ ಹೋಮ್ ಮ್ಯಾಚಿಗೆ ಫತೋರ್ಡಾಕ್ಕೆ ಹೋಗುತ್ತಿದ್ದೇವೆ, ಗಾಡಿಯಲ್ಲಿ ಎರಡು ಸೀಟು ಖಾಲಿ ಇವೆ. ಬರುವವರು ಫೋನ್ ಮಾಡಿ. ಕಾಂಬೋ ಹಾಕಿದವರು ರೈಲಿಗೆ ಬನ್ನಿ.