ಎಂಟಾಣೆಗೆ ಬಂದ ಭಾಗ್ಯ

ಮತ್ತೆ ಶುರುವಾಗಿದೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಇದ್ದವರಿಗೆ ಹತ್ತು ಲಕ್ಷ ಅನ್ನೋ ವಿಡಿಯೊ ಎಲ್ಲ ಫ್ಯಾಮಿಲಿ ಗ್ರೂಪುಗಳ ಪ್ರದಕ್ಷಿಣೆ ಮುಗಿಸಿದೆ. ಸೋಫಾ ಸಂದಿ, ಹೊಲಿಗೆ ಮಷೀನಿನ ಡ್ರಾಯರ್, ದೇವರ ಮನೆಯ ಕುಂಕುಮದ ಬಟ್ಟಲು, ಎಲ್ಲ ಕಡೆ ಉತ್ಖನನ. ಹಂಪಿಯಲ್ಲೂ ಇಷ್ಟು ಶ್ರದ್ಧೆಯಿಂದ ಅಗೆದಿರಲಿಕ್ಕಿಲ್ಲ. ಇಂಥ ಆಮಿಷಕ್ಕೆ ಬೀಳಬೇಡಿ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ಮಾತ್ರ ಯಾವ ಚಿಕ್ಕಪ್ಪನೂ ಫಾರ್ವರ್ಡ್ ಮಾಡಲಿಲ್ಲ.

ನಮ್ಮ ಮನೆಯಲ್ಲೂ ನಿಧಿ ಸಿಕ್ಕಿತು. ಯಾವನೋ ಪುಣ್ಯಾತ್ಮ ರೈಲು ಹಳಿ ಮೇಲಿಟ್ಟು ಚಪಾತಿ ಮಾಡಿದ ಎರಡು ರೂಪಾಯಿ. ಕೊಂಬು ಸವೆದು ಎಮ್ಮೆಯಾಗಿರುವ ನಾಲ್ಕಾಣೆಯ ಘೇಂಡಾಮೃಗ. ಒಂದು ಎಂಟಾಣೆ, ಅದರ ಮೇಲಿನ ಸಂಸತ್ ಭವನ ಉಜ್ಜಿ ಉಜ್ಜಿ ನೆಲಸಮ.

ನಾಲ್ಕಾಣೆ 2011ರ ಜೂನ್ 30ಕ್ಕೆ ರಿಟೈರ್ ಆಯಿತು, ಅದರ ಕಥೆ ಬಿಡಿ. ಎಂಟಾಣೆ ಇನ್ನೂ ಸರ್ವಿಸ್‌ನಲ್ಲಿದೆ! ಕಾನೂನಿನ ಪ್ರಕಾರ ಹತ್ತು ರೂಪಾಯಿವರೆಗಿನ ಬಾಕಿಯನ್ನು ಎಂಟಾಣೆಗಳಲ್ಲೇ ತೀರಿಸಬಹುದು. ಅಂದರೆ ಇಪ್ಪತ್ತು ಎಂಟಾಣೆ ಸಾಲಾಗಿ ಜೋಡಿಸಿ ಕಡಲೆಕಾಯಿ ಕೇಳಬಹುದು. ಕೇಳಿ ನೋಡಿ, ಆಮೇಲೆ ಹೇಳಿ. ಷರತ್ತೂ ಇದೆ: ನಾಣ್ಯ ವಿರೂಪವಾಗಿರಬಾರದು, ಸವೆದು ನಿಗದಿತ ತೂಕಕ್ಕಿಂತ ಕಡಿಮೆ ಆಗಿರಬಾರದು. ಹಾಗಾಗಿ ಪ್ರತಿ ಬೀಡಾ ಅಂಗಡಿಯವರೂ ಅಕ್ಕಸಾಲಿಗರ ತಕ್ಕಡಿ ಇಟ್ಟುಕೊಳ್ಳುವುದು ಒಳ್ಳೆಯದು.

2008ರ ಸುಮಾರಿಗೆ ನಾಟ್ಯಮುದ್ರೆಯ ನಾಣ್ಯಗಳು ಬಂದಿದ್ದವು, ನೆನಪಿದೆಯಾ? ಎರಡು ರೂಪಾಯಿಗೆ ಎರಡು ಬೆರಳು, ಒಂದು ರೂಪಾಯಿಗೆ ಹೆಬ್ಬೆರಳು. ಎಂಟಾಣೆಗೆ ಬಿಗಿಹಿಡಿದ ಮುಷ್ಟಿ. ಆಗ ಯಾಕೆ ಅಂತ ಗೊತ್ತಾಗಿರಲಿಲ್ಲ. ಈಗ ಅನಿಸುತ್ತದೆ, 'ಇದು ನಡೆಯಲ್ಲ ಸ್ವಾಮಿ' ಅಂದವರ ಮೂತಿಗೆ ಗುದ್ದೋಕೆ ಪಾಪ ಅವತ್ತೇ ತಯಾರಾಗಿತ್ತು.

ಹತ್ತರ ನಾಣ್ಯದ ಪಾಡು ಇನ್ನೂ ಚೆಂದ. ಅದಕ್ಕೆ ಸವೆಯುವ ಯೋಗವೇ ಇಲ್ಲ, ಯಾರಾದರೂ ತಗೊಂಡರೆ ತಾನೇ ಸವೆಯೋದು? ಗೆರೆ ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಅಂತ ಯಾರೋ ಹಬ್ಬಿಸಿದರು. ಹದಿನಾಲ್ಕು ವಿನ್ಯಾಸಗಳೂ ನಮ್ಮವೇ ಅಂತ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ಅಷ್ಟಕ್ಕೇ ನಿಲ್ಲದೆ 14440ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ವಾಪಸ್ ಫೋನ್ ಮಾಡಿ ತಿಳಿಸುವ ಏರ್ಪಾಟು ಬೇರೆ. ಎಂಥ ದೊಡ್ಡ ಮನಸ್ಸು! ತಾನು ಹೆತ್ತ ಮಗು ತನ್ನದೇ ಅಂತ ಫೋನಿನಲ್ಲಿ ಒಪ್ಪಿಕೊಳ್ಳೋರು ಎಷ್ಟು ಜನ ಇದ್ದಾರೆ ಹೇಳಿ.

ಬೇಡ ಅನ್ನದವನು ಹುಂಡಿಯೊಳಗಿನ ದೇವರು ಒಬ್ಬನೇ. ಎಲ್ಲೂ ನಡೆಯದ್ದು ಅವನಿಗೆ. ತೂತಾದದ್ದು, ಬಗ್ಗಿದ್ದು, ರಿಟೈರ್ ಆದ ನಾಲ್ಕಾಣೆ, ಎಲ್ಲ ಕಣ್ಣಿಗೊತ್ತಿಕೊಂಡು ಹಾಕಿಬಿಡುತ್ತೇವೆ. ಜತೆಗೆ ಸೈಟು, ಮಗನಿಗೆ ಅಮೆರಿಕ ವೀಸಾ ಕೇಳುತ್ತೇವೆ.

ದೇವಸ್ಥಾನದ ಮೆಟ್ಟಿಲ ಹತ್ತಿರ ಹೂವು ಮಾರುವ ಅಜ್ಜಿಗೆ ಮಾತ್ರ ಬೇಡ ಅನ್ನುವ ಧೈರ್ಯವಿಲ್ಲ. ಅಂದರೆ ಗಿರಾಕಿ ಪಕ್ಕದವಳ ಹತ್ತಿರ ಹೋಗುತ್ತಾನೆ. ಸೆರಗಿನ ಗಂಟಿನ ತುಂಬ ಹತ್ತರ ನಾಣ್ಯ. ಬೆಳಗ್ಗೆ ಮಾರುಕಟ್ಟೆಯಲ್ಲಿ ಹೂವಿನ ಮಂಡಿಯವನು 'ನೋಟು ಕೊಡಮ್ಮ' ಅನ್ನುತ್ತಾನೆ. ಬ್ಯಾಂಕಿಗೆ ಹೋದರೆ ಎಣಿಸೋಕೆ ಜನ ಇಲ್ಲ, ನಾಳೆ ಬಾ. ನಾಣ್ಯ ಬೇಡ ಅನ್ನುವ ಹಾಗಿಲ್ಲ, ಎಣಿಸಲಾಗದಿದ್ದರೆ ತೂಕ ಹಾಕಿ ತಗೊಳ್ಳಿ, ನೂರು ನೂರರ ಪೊಟ್ಟಣ ಕಟ್ಟಿಸಿ ತಗೊಳ್ಳಿ ಅಂತ ಬ್ಯಾಂಕುಗಳಿಗೆ ಸುತ್ತೋಲೆಯೇ ಇದೆ. ಯಾರು ಓದಿದರು? ಸರ್ಕಾರ ಅಚ್ಚು ಹಾಕಿದ ದುಡ್ಡು ಇಟ್ಟುಕೊಂಡು, ಬಿಸಿಲಲ್ಲಿ ನಿಂತು, ಕಳ್ಳಿಯ ಹಾಗೆ ಬೈಸಿಕೊಳ್ಳಬೇಕು ಆಯಮ್ಮ. ತಪ್ಪು ಮಾಡಿದವರು ಯಾರಿಗೂ ಏನೂ ಆಗಲ್ಲ.

ಇರಲಿ, ಮಿಸ್ಡ್ ಕಾಲ್ ಕೊಡೋಕೆ ಅಜ್ಜಿಗೆ ಒಂದು ನಂಬರ್ ಕೊಟ್ಟಿದ್ದೆವಲ್ಲ.