ಪಿಟ್ಸ್‌ಬರ್ಗ್ ಈಗ ಬರೀ ಉಕ್ಕಿನ ಊರಲ್ಲ
ಅಮೆರಿಕದ ಪಿಟ್ಸ್‌ಬರ್ಗ್ ನಗರದ ಬಗ್ಗೆ ನೀವು ಪ್ರಕಟಿಸಿದ ಲೇಖನದಲ್ಲಿ ಅದನ್ನು ಈಗಲೂ ಉಕ್ಕಿನ ಊರು ಅಂತಲೇ ಬರೆದಿದ್ದೀರಿ. ಹೆಸರೇನೋ ಉಳಿದಿದೆ, ಕೆಲಸ ಉಳಿದಿಲ್ಲ ಅಲ್ವಾ? 1980ರ ದಶಕದಲ್ಲಿ ಕಾರ್ಖಾನೆಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು, ಹುಡುಗರೆಲ್ಲ ಕೆಲಸ ಹುಡುಕಿ ಬೇರೆ ರಾಜ್ಯಗಳಿಗೆ ಹೋದರು. 1950ರಲ್ಲಿ 6.76 ಲಕ್ಷ ಇದ್ದ ಜನ 2020ಕ್ಕೆ ಸುಮಾರು 3 ಲಕ್ಷ. ಈಗ ಅಲ್ಲಿ ಜಾಸ್ತಿ ಕೆಲಸ ಕೊಡುವುದು ಯುಪಿಎಂಸಿ ಅನ್ನುವ ಆಸ್ಪತ್ರೆಗಳ ಸಂಸ್ಥೆ. ಉಕ್ಕಿನ ಕಂಪನಿ ಯು.ಎಸ್. ಸ್ಟೀಲ್ ಹೆಸರಿನ ಕಟ್ಟಡದ ನೆತ್ತಿಯ ಮೇಲೂ ಯುಪಿಎಂಸಿಯದೇ ಹೆಸರು, ಇನ್ನೇನು ಸಾಕ್ಷಿ ಬೇಕು! ಆದರೆ ಡಾಕ್ಟರ ಸಂಬಳ ಬೇರೆ, ನೆಲ ಒರೆಸುವವರ ಸಂಬಳ ಬೇರೆ. ಹೆಚ್ಚು ಓದದವರೂ ಯೂನಿಯನ್ ಬಲದಿಂದ ಮನೆ ಕಟ್ಟಿಕೊಳ್ಳುವ ಕಾಲವೊಂದಿತ್ತು, ಅದರ ಬಗ್ಗೆ ಒಂದು ಸಾಲೂ ಇಲ್ಲ.

ಲೇಖನದಲ್ಲಿ ಊರಿನ ಜನರ ವೈವಿಧ್ಯದ ಬಗ್ಗೆ ಇರುವ ಭಾಗವಂತೂ ಸುಮ್ನೆ ಹೊಗಳಿಕೆ. ಪಿಟ್ಸ್‌ಬರ್ಗ್ ಪಕ್ಕದ ಪೆನ್ ಹಿಲ್ಸ್‌ನಲ್ಲಿ 1970ರ ದಶಕದಲ್ಲೇ ಕಟ್ಟಿದ ವೆಂಕಟೇಶ್ವರ ದೇವಸ್ಥಾನ ಇದೆ, ಅಮೆರಿಕದ ಎಷ್ಟೋ ಕನ್ನಡಿಗರಿಗೆ ಅದು ಗೊತ್ತು. ಭೂತಾನ್ ಬಿಟ್ಟು ನೇಪಾಳದ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದವರೂ ಬಂದು ನೆಲೆಸಿದ್ದಾರೆ. ಇವೆಲ್ಲ ಖುಷಿಯ ವಿಷಯವೇ. ಆದರೆ ಕಪ್ಪು ಜನರ ಬಡಾವಣೆ ಹಿಲ್ ಡಿಸ್ಟ್ರಿಕ್ಟ್‌ನ ಒಂದು ಭಾಗವನ್ನು 1950ರ ದಶಕದಲ್ಲಿ ಕ್ರೀಡಾಂಗಣ ಕಟ್ಟಲು ಕೆಡವಿ, ಸುಮಾರು 8,000 ಜನರನ್ನು ಒಕ್ಕಲೆಬ್ಬಿಸಿದ್ದನ್ನು ಬಿಟ್ಟಿದ್ದೇಕೆ? ಮುಂದಿನ ಕಂತು ಇದ್ದರೆ ದಯವಿಟ್ಟು ಅದನ್ನೂ ಬರೆಯಿರಿ.